ಕಪಾಟಿನ ಕೀಲಿ ಯಾರ ಹತ್ರ ಇರಬೇಕು?

ನಿವೃತ್ತ ಮಾಸ್ತರು, ಶಿರಸಿ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಒಂದು ಸಣ್ಣ ಟ್ರಸ್ಟಿನ ಸದಸ್ಯ. ಮನೆಯ ಆಸರೆ ಇಲ್ಲದ 26 ಮಕ್ಕಳು ನಮ್ಮಲ್ಲಿದ್ದಾರೆ. ಹೆಚ್ಚಿನವರು ಹೈಸ್ಕೂಲು, ಪಿಯುಸಿ ವಯಸ್ಸಿನವರು. 18 ದಾಟಿದ ಐದು ಜನ ಪಕ್ಕದ ಬಾಡಿಗೆ ಮನೆಯಲ್ಲಿದ್ದಾರೆ. ಇದನ್ನೆಲ್ಲ ಕಟ್ಟಿದವರು ಒಬ್ಬ ಅಕ್ಕೋರು. ಅವರಿಗೀಗ 71. ಮಕ್ಕಳಿಗೆಲ್ಲ ಅವರು ದೊಡ್ಡಮ್ಮ. ಅಡುಗೆಮನೆಯಿಂದ ಆಡಿಟ್ ತನಕ ಎಲ್ಲ ಅವರ ಕೈಯಲ್ಲೇ.

ಹೋದ ತಿಂಗಳು ನಮ್ಮ ಕೌನ್ಸೆಲರ್ ಹುಡುಗಿ ಕೆಲಸ ಬಿಟ್ಟಳು. ನಾಲ್ಕು ವರ್ಷದಲ್ಲಿ ಇವಳು ಮೂರನೆಯವಳು. ಮಕ್ಕಳ ಜೊತೆ ಮಾತಾಡಿದ್ದನ್ನು ಬರೆದಿಟ್ಟ ನೋಟ್‌ಬುಕ್ ಕೊಟ್ಟು ಹೋಗು ಅಂದರೆ ಕೊಡಲಿಲ್ಲ. ಸಂಬಳ ಕೊಟ್ಟವರು ನಾವು, ಬುಕ್ಕು ಅವಳದ್ದು ಹೇಗಾಗ್ತದೆ?

ಈಗ ಒಬ್ಬ ದಾನಿಗಳು ಮೂರು ವರ್ಷ ಒಂದು ಹುದ್ದೆಯ ಸಂಬಳ ಕೊಡ್ತೇನೆ ಅಂದಿದ್ದಾರೆ, ತಿಂಗಳಿಗೆ 38 ಸಾವಿರ. ಅಕ್ಕೋರ ಜಾಗಕ್ಕೆ ಒಬ್ಬ ಗಟ್ಟಿ ಮ್ಯಾನೇಜರ್ ತರಬೇಕಾ, ಕ್ಲಿನಿಕಲ್ ಸೈಕಾಲಜಿಸ್ಟ್ ತರಬೇಕಾ? ಬೋರ್ಡಿನಲ್ಲಿ ಆಚೆ ಮೂರು ಮತ, ಈಚೆ ಮೂರು ಮತ.

(ತಿದ್ದಿದ್ದು: ಉದಾಹರಣೆಗೆ ಅಂತ ಒಬ್ಬಳು ಹುಡುಗಿಯ ವಿಷಯ ಬರೆದಿದ್ದೆ. ಕೆಳಗೆ ಬೈಸಿಕೊಂಡ ಮೇಲೆ ತೆಗೆದಿದ್ದೇನೆ.)

ಕೋಡಿಬಾಗದ ಗಾಳಿ

ಮೂರು ಜನ ಬಿಟ್ಟು ಓಡಿದ ಮೇಲೂ ತಪ್ಪು ಓಡಿದವರದ್ದೇ ಅಂತೀರಲ್ಲ ಮಾಸ್ತರೇ, ನಿಮಗೆ ದೊಡ್ಡ ನಮಸ್ಕಾರ.

ಹಳೇ ಕೌನ್ಸೆಲರ್

ಮಾಸ್ತರೇ, ಮೊದಲು ಆ ಹುಡುಗಿಯ ಊರು, ವಯಸ್ಸು, ಕೇಸಿನ ವಿಷಯ ಅಳಿಸಿ. ಈಗಲೇ. ಹೆಸರು ಹಾಕಿಲ್ಲವಲ್ಲ ಅಂತ ಸಮಾಧಾನ ಬೇಡ. ನಮ್ಮ ಕಡೆ ಊರು, ವಯಸ್ಸು ಹೇಳಿದರೆ ಸಂಜೆಯೊಳಗೆ ಯಾರ ಮನೆ ಅಂತ ಗೊತ್ತಾಗ್ತದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ 74ನೇ ಕಲಂ ಇರುವುದು ಇದಕ್ಕೇ. ಆರು ತಿಂಗಳ ತನಕ ಜೈಲು, ಇಲ್ಲವೇ ಎರಡು ಲಕ್ಷದ ತನಕ ದಂಡ, ಇಲ್ಲವೇ ಎರಡೂ.

ಮತ್ತೆ, ಬಿಟ್ಟು ಹೋದ ಆ ಕೌನ್ಸೆಲರ್ 'ಹುಡುಗಿ' ಅಲ್ಲ. ಎರಡು ವರ್ಷ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ ನಿಮ್ಮಲ್ಲಿಗೆ ಕೆಲಸಕ್ಕೆ ಬಂದವರು.

ನನ್ನ ಕತೆ ಹೇಳ್ತೇನೆ. ಇದೇ ಜಿಲ್ಲೆಯ ಒಂದು ಸಂಸ್ಥೆಯಲ್ಲಿ ಎರಡು ವರ್ಷ ಇದ್ದೆ. ನನಗೆ ಕೊಟ್ಟ ಕೋಣೆ ಅಂದರೆ ಉಗ್ರಾಣದ ಅರ್ಧ ಭಾಗ. ನಡುವೆ ಎದೆಮಟ್ಟದ ಗೋಡೆ, ಮೇಲೆ ಖಾಲಿ. ಆಚೆ ಅಕ್ಕಿಮೂಟೆ, ತೆಂಗಿನಕಾಯಿ, ಹಪ್ಪಳದ ಡಬ್ಬ. ಒಂದು ಹುಡುಗಿ ಮೂರು ವಾರ ಸುಮ್ನೆ ಕೂತು ಎದ್ದು ಹೋಗ್ತಿದ್ದಳು. ನಾಲ್ಕನೇ ವಾರ ಮಾತು ಶುರು ಮಾಡಿದಳು. ಅಷ್ಟರಲ್ಲಿ ಆಚೆ ಡಬ್ಬದ ಮುಚ್ಚಳ ಬಿತ್ತು. ಅಡುಗೆಯವರು ಬೆಲ್ಲ ತೆಗೆಯಲು ಬಂದಿದ್ದರು, ಅಷ್ಟೇ. ಆ ಹುಡುಗಿ ನಾನು ಕೆಲಸ ಬಿಡುವ ತನಕ ಮತ್ತೆ ಆ ವಿಷಯ ಎತ್ತಲಿಲ್ಲ.

ಫೈಲಿಗೆ ಕಬ್ಬಿಣದ ಕಪಾಟು ಇತ್ತು. ಕೀಲಿ ಆಫೀಸಿನ ಕ್ಯಾಲೆಂಡರ್ ಕೆಳಗಿನ ಮೊಳೆಯಲ್ಲಿ, ಉಗ್ರಾಣದ ಕೀಲಿಯ ಜೊತೆ. ಒಂದು ಶನಿವಾರ ದಾನಿಗಳು ಊಟಕ್ಕೆ ಬಂದಿದ್ದರು. ಕಾರ್ಯದರ್ಶಿಗಳು ಕಪಾಟು ತೆಗೆದು, ಒಂದು ಫೈಲ್ ಬಿಡಿಸಿ, "ನೋಡಿ, ಎಂಥೆಂಥ ಮಕ್ಕಳನ್ನು ಸಾಕ್ತಿದ್ದೇವೆ" ಅಂತ ಓದಿ ಹೇಳಿದರು. ಆ ಮಗು ಅದೇ ಪಂಕ್ತಿಯಲ್ಲಿ ಪಾಯಸ ಬಡಿಸ್ತಾ ಇತ್ತು.

ಅವತ್ತಿನಿಂದ ನನ್ನ ನೋಟ್‌ಬುಕ್ ನನ್ನ ಚೀಲದಲ್ಲೇ ಇಟ್ಟುಕೊಂಡೆ. ಬಸ್ಸಿನಲ್ಲಿ, ಮನೆಯಲ್ಲಿ, ಹೋದಲ್ಲೆಲ್ಲ. ಅದೂ ಸರಿಯಲ್ಲ ಅಂತ ನನಗೆ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ.

ಲೆಕ್ಕದವ, ಕುಮಟಾ

ಓದಿ ಬೇಜಾರಾಯ್ತು ಅಕ್ಕ. ಆದರೆ ಈ ಚರ್ಚೆಯಲ್ಲಿ ಬೋರ್ಡಿನವರೆಲ್ಲ ರಾಕ್ಷಸರು ಆಗುವ ಮೊದಲು ಇನ್ನೊಂದು ಬದಿಯನ್ನೂ ಯಾರಾದರೂ ಹೇಳಬೇಕಲ್ಲ. ಇಂಥ ಎರಡು ಸಂಸ್ಥೆಗಳ ಲೆಕ್ಕ ಬರೆಯುವವ ನಾನು.

ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿಗೆ ತಿಂಗಳಿಗೆ 3000 ರೂಪಾಯಿ. ಅಂದರೆ ದಿನಕ್ಕೆ ನೂರು. ಅದರಲ್ಲಿ ಊಟ, ಬಟ್ಟೆ, ಸೋಪು ಎಲ್ಲ ಆಗಬೇಕು. ನಡೆಸುವವರು ಎನ್‌ಜಿಒ ಆದರೆ ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 30, ಉಳಿದ 10 ಸಂಸ್ಥೆಯ ಕಿಸೆಯಿಂದ. ಕಂತು ತಡವಾದರೆ ಕಿರಾಣಿ ಅಂಗಡಿಯವನ ಎದುರು ಕೈ ಮುಗಿದು ನಿಲ್ಲುವವರು ಯಾರು? ಕೌನ್ಸೆಲರ್ ಅಲ್ಲ, ದೊಡ್ಡಮ್ಮ. ಆ ದಾನಿಗಳ ಪಂಕ್ತಿ ಊಟ ಅದಕ್ಕೇ ಇರುವುದು. ಫೈಲ್ ಓದಿದ್ದು ತಪ್ಪು, ಒಪ್ತೇನೆ.

ಇನ್ನು ಕಾನೂನು ಹೇಳಿದಿರಿ, ನಾನೂ ಹೇಳ್ತೇನೆ. ಪೋಕ್ಸೋದಲ್ಲಿ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯಲ್ಲಿ, ಕೃತ್ಯ ಗೊತ್ತಿದ್ದೂ ಹೇಳದೆ ಇದ್ದವರಿಗೆ ಆರು ತಿಂಗಳ ತನಕ ಜೈಲು. ಸಂಸ್ಥೆಯ ಮುಖ್ಯಸ್ಥರು ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದ ತನಕ. ನಾಳೆ ಮನೆಯೊಳಗೆ ಏನೋ ಆಗಿ, ಅದು ಕೌನ್ಸೆಲರ್ ಚೀಲದಲ್ಲಿ ಇತ್ತು, ನಮಗೆ ಗೊತ್ತಿರಲಿಲ್ಲ ಅಂದರೆ ಪೊಲೀಸರು ಬಿಡ್ತಾರಾ? ಹೊಣೆ ನಮ್ಮ ತಲೆಗೆ, ಕೀಲಿ ನಿಮ್ಮ ಸೊಂಟಕ್ಕೆ. ಇದ್ಯಾವ ನ್ಯಾಯ?

ಹಳೇ ಕೌನ್ಸೆಲರ್

ಗುಟ್ಟಿಗೂ ಮುಚ್ಚಿಡುವುದಕ್ಕೂ ವ್ಯತ್ಯಾಸ ಇದೆ ಅಣ್ಣ. ಮೊದಲ ದಿನವೇ ಮಕ್ಕಳಿಗೆ ಹೇಳ್ತೇವೆ: ನೀನು ಹೇಳಿದ್ದು ನನ್ನ ಹತ್ರ ಇರ್ತದೆ, ಆದರೆ ನಿನ್ನ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ನಿನ್ನ ಮೈಮೇಲೆ ಕೈ ಹಾಕಿದ್ದರೆ, ಅದನ್ನು ಮಾತ್ರ ನಾನು ಹೇಳಲೇಬೇಕು. ಹೀಗೆ ಹೇಳಿದ ಮೇಲೂ ಮಕ್ಕಳು ಮಾತಾಡ್ತಾರೆ. ಬಹುಶಃ ಹೇಳಿದ್ದಕ್ಕೇ ಮಾತಾಡ್ತಾರೆ.

ಮತ್ತೆ ಪೋಕ್ಸೋ 19ನೇ ಕಲಂ ಓದಿ. ಗೊತ್ತಾದ ಯಾರೇ ಆದರೂ ನೇರ ಪೊಲೀಸರಿಗೆ ಹೇಳಬೇಕು. ಬೋರ್ಡಿನ ಒಪ್ಪಿಗೆ ಅಂತ ಅದರಲ್ಲಿ ಎಲ್ಲೂ ಇಲ್ಲ. ನನಗೆ ಮಾತ್ರ "ಯಾವುದೇ ವಿಷಯ ಇದ್ದರೂ ಮೊದಲು ಬೋರ್ಡಿಗೆ ತರತಕ್ಕದ್ದು" ಅಂತ ಲೆಟರ್‌ಹೆಡ್ಡಿನಲ್ಲಿ ಆದೇಶ ಬಂದಿತ್ತು. ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ.

ತದಡಿ ದೋಣಿ

ನಮ್ಮಲ್ಲಿ ದೋಣಿ ಮಾಲಕ ಬೇರೆ, ಕಡಲಲ್ಲಿ ದೋಣಿ ನಡೆಸುವ ತಾಂಡೇಲ ಬೇರೆ. ಕಡಲಿಗೆ ಇಳಿದ ಮೇಲೆ ಬಲೆ ಎಲ್ಲಿ ಬಿಡಬೇಕು ಅಂತ ಮಾಲಕ ದಡದಿಂದ ಫೋನ್ ಮಾಡಿ ಹೇಳ್ತಾನಾ? ಹೇಳಿದರೂ ತಾಂಡೇಲ ಕೇಳ್ತಾನಾ?

ಲೆಕ್ಕದವ, ಕುಮಟಾ

ಡೀಸೆಲ್ ಸಾಲ ಮಾಲಕನ ಹೆಸರಿನಲ್ಲಿ ಇರ್ತದೆ ಮಾರಾಯ. ತಾಂಡೇಲ ಸೀಸನ್ ಮುಗಿದರೆ ಬೇರೆ ದೋಣಿ ಹತ್ತುತ್ತಾನೆ.

ತದಡಿ ದೋಣಿ

ಹತ್ತುತ್ತಾನೆ. ಮಾಲಕ ಸರಿ ಇಲ್ಲದಿದ್ದರೆ. ಮಾಸ್ತರ ಮೂರು ತಾಂಡೇಲರೂ ಹತ್ತಿದರಲ್ಲ.

ವಾರ್ಡಿನ ನರ್ಸ್, ಕಾರವಾರ

ಎಲ್ಲರೂ ನೋಟ್‌ಬುಕ್ಕಿನ ಹಿಂದೆ ಬಿದ್ದಿದ್ದೀರಿ. ಗುಳಿಗೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ಒಂದು ಮನೆಯಿಂದ ಫಿಟ್ಸ್ ಇರುವ ಹುಡುಗನನ್ನು ನಮ್ಮಲ್ಲಿಗೆ ತಂದಿದ್ದರು. ಕ್ಲಾಸಿನಲ್ಲಿ ತೂಕಡಿಸ್ತಾನೆ ಅಂತ ಅಲ್ಲಿಯ ಮುಖ್ಯಸ್ಥರೇ ಗುಳಿಗೆ ನಿಲ್ಲಿಸಿಬಿಟ್ಟಿದ್ದರು. ಒಂದೇ ಸಲಕ್ಕೆ. ಆ ಔಷಧ ಹಾಗೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು. ಬಂತು. ಕೆಟ್ಟ ಮನುಷ್ಯ ಅಲ್ಲ ಅವರು, ರಾತ್ರಿಯಿಡೀ ಆ ಹುಡುಗನ ಕಾಲ ಹತ್ರ ಕೂತಿದ್ದರು. ಪ್ರೀತಿ ಬಹಳ ಇತ್ತು. ಗುಳಿಗೆ ಯಾರ ಮಾತಿನ ಮೇಲೆ ನಿಲ್ಲಿಸಬೇಕು ಅನ್ನುವುದು ಮಾತ್ರ ಆ ಮನೆಯಲ್ಲಿ ಎಲ್ಲೂ ಬರೆದಿರಲಿಲ್ಲ.

ಮುಖ್ಯಸ್ಥರು ಗಟ್ಟಿ ಇದ್ದರೆ ಏನಾಗ್ತದೆ ಅಂತಲೂ ನೋಡಿದ್ದೇನೆ. 2024ರ ಜುಲೈ 16ಕ್ಕೆ ಅಂಕೋಲಾ ಕಡೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯ್ತಲ್ಲ, ಆಗ ಘಟ್ಟದ ಮೇಲಿನ ಒಬ್ಬರು ಮೇಡಂ ಮರುದಿನವೇ ಫೋನ್ ಮಾಡಿದರು. "ನಮ್ಮ ಇಬ್ಬರು ಮಕ್ಕಳ ಗುಳಿಗೆ ಇನ್ನು ಎಂಟು ದಿನಕ್ಕೆ ಇದೆ, ಕಾರವಾರಕ್ಕೆ ಬರಲಿಕ್ಕಾಗುವುದಿಲ್ಲ, ಹುಬ್ಬಳ್ಳಿಯಲ್ಲಿ ತಗೊಳ್ಳಲು ಡಾಕ್ಟರ ಚೀಟಿ ಬೇಕು." ಎಂಟು ದಿನ ಅಂತ ಎಣಿಸಿ ಇಟ್ಟಿದ್ದರು. ಅದು ಆಡಳಿತ. ಸೈಕಾಲಜಿ ಅಲ್ಲ.

ಮಾಸ್ತರೇ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಸೈಕಾಲಜಿ ಎಂಎ ಮಾಡಿದವರೆಲ್ಲ ಅಲ್ಲ. ಅದಕ್ಕೆಂದೇ ಇರುವ ಕ್ಲಿನಿಕಲ್ ತರಬೇತಿ ಆಗಿ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರಬೇಕು. ಅವರೂ ಔಷಧ ಬರೆಯುವಂತಿಲ್ಲ, ಅದಕ್ಕೆ ಮನೋವೈದ್ಯರೇ ಬೇಕು. 38 ಸಾವಿರಕ್ಕೆ ಅಂಥವರು ಬಂದು ಶಿರಸಿ ಹತ್ತಿರದ ಹಳ್ಳಿಯಲ್ಲಿ ಕೂರ್ತಾರೆ ಅಂದರೆ ನನಗೂ ತಿಳಿಸಿ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಬಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡ್ತಾ ಇದ್ದೇವೆ. ದೇಹದ ಡಾಕ್ಟರೇ ನಿಲ್ಲದ ಊರಲ್ಲಿ ಮನಸ್ಸಿನವರು ನಿಲ್ತಾರಾ?

ನಾನಾದರೆ ಹೀಗೆ ಮಾಡ್ತೇನೆ: ಆ ದುಡ್ಡಿನಲ್ಲಿ ಊರಲ್ಲೇ ಇರುವ ಒಬ್ಬ ಕೌನ್ಸೆಲರ್. ಉಳಿದದ್ದರಲ್ಲಿ ಧಾರವಾಡದ ಕಡೆಯ ಒಬ್ಬ ಅನುಭವಿ ಕ್ಲಿನಿಕಲ್ ಸೈಕಾಲಜಿಸ್ಟ್ ತಿಂಗಳಿಗೆ ಎರಡು ಸಲ. ಅವರು ಮಕ್ಕಳನ್ನು ನೋಡುವುದಕ್ಕಿಂತ ಕೌನ್ಸೆಲರ್ ಜೊತೆ ಕೂತು ಕೇಸುಗಳ ಬಗ್ಗೆ ಮಾತಾಡಲಿಕ್ಕೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೇ ಕೇಳಿ ನೋಡಿ, ದಾರಿ ತೋರಿಸ್ತಾರೆ. ರಾತ್ರಿ ಹೊತ್ತು ಏನಾದರೂ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಲೆಕ್ಕದವ, ಕುಮಟಾ

ದಾನಿ ಹೇಳಿದ್ದು 'ಒಂದು ಹುದ್ದೆ'. ಎರಡು ತುಂಡು ಮಾಡಲು ಅವರನ್ನು ಕೇಳಬೇಕು. ಕೇಳಿದರೆ ಒಪ್ಪಬಹುದು. ಹೆಚ್ಚಿನವರು ಕೇಳುವುದೇ ಇಲ್ಲ, ಆಡಿಟ್ ಹೊತ್ತಿಗೆ ನನ್ನ ಹತ್ರ ಬಂದು ಅಳ್ತಾರೆ.

ಹಳೇ ಕೌನ್ಸೆಲರ್

ನರ್ಸ್ ಮೇಡಂ ಹೇಳಿದ್ದೇ ನನಗೆ ಸಿಕ್ಕಿರಲಿಲ್ಲ. ರಜೆ, ಬಸ್ ಬಿಲ್, ಯಾವ ದಿನ ಯಾರ ಡ್ಯೂಟಿ, ಇವನ್ನೆಲ್ಲ ಮುಖ್ಯಸ್ಥರು ಕೇಳಲಿ. ನಾನು ಉತ್ತರ ಕೊಡ್ತೇನೆ. ಆದರೆ ಒಂದು ಮಗು ಕೈ ಕುಯ್ದುಕೊಂಡು ಬಂದ ರಾತ್ರಿ ನಾನು ಮಾಡಿದ್ದು ಸರಿಯಾ ತಪ್ಪಾ ಅಂತ ಕೇಳಲು ನನಗೊಬ್ಬರು ಬೇಕಿತ್ತು. ಕಾರ್ಯದರ್ಶಿಗಳು ಅಡಿಕೆ ವ್ಯಾಪಾರದವರು. ಅವರನ್ನು ಏನಂತ ಕೇಳಲಿ?

ಗೋವಾ ಲೋಕಲ್

ನಾನು ಇಂಥದ್ದೇ ಒಂದು ಮನೆಯಲ್ಲಿ ಬೆಳೆದವನು. ಈಗ ಗೋವಾದಲ್ಲಿ ಕೆಲಸ. ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ.

ಆರು ವರ್ಷದಲ್ಲಿ ನನಗೆ ಐದು ಕೌನ್ಸೆಲರ್. ಬಂದವರೆಲ್ಲ ಮೊದಲ ದಿನ ಕೇಳೋದು ಒಂದೇ: "ಮನೇಲಿ ಯಾರ್ಯಾರಿದ್ದಾರೆ?" ಮೊದಲನೆಯವರಿಗೆ, ಎರಡನೆಯವರಿಗೆ ಏನೂ ಹೇಳಲಿಲ್ಲ. ಮೂರನೆಯವರಿಗೆ ಅಪ್ಪ ನೇವಿಯಲ್ಲಿದ್ದಾರೆ ಅಂದೆ. ಕಾರವಾರದ ಹುಡುಗ, ನೇವಿ ಬೇಸ್ ಎದುರಿಗೇ ಇದೆ, ನಂಬಿದರು. ನಾಲ್ಕನೆಯವರಿಗೆ ಹಡಗು ಮುಳುಗಿತು ಅಂದೆ. ಅವರ ಕಣ್ಣಲ್ಲಿ ನೀರು ಬಂತು, ನನಗೆ ಒಂಥರಾ ಆಯ್ತು. ಐದನೆಯವರು ಹಿಂದಿನವರು ಬರೆದದ್ದನ್ನೆಲ್ಲ ಓದಿ ಬಂದಿದ್ದರು. "ಅಪ್ಪನ ಹಡಗಿನ ಹೆಸರೇನು?" ಅಂತ ಕೇಳಿ ನಕ್ಕರು. ನಾನೂ ನಕ್ಕೆ. ಅವತ್ತು ನಿಜ ಹೇಳಿದೆ.

ಹಾಗಾಗಿ ಫೈಲ್ ಅಲ್ಲೇ ಇರಬೇಕು. ಚೀಲದಲ್ಲಿ ಹೊತ್ತುಕೊಂಡು ಹೋಗಬಾರದು, ಅಕ್ಕ ಕ್ಷಮಿಸಿ.

ಆದರೆ ಅದೇ ಫೈಲ್ ವಾರ್ಡನ್ನೂ ಓದಿದ್ದರು. ಊಟಕ್ಕೆ ತಡವಾದರೆ ಎಲ್ಲರ ಎದುರು "ಏ ನೇವಿ, ಹಡಗು ಬಂತಾ?" ಅಂತ ಕರೀತಿದ್ದರು. ಎರಡು ವರ್ಷ ನನ್ನ ಹೆಸರು ನೇವಿ.

ಮುಖ್ಯಸ್ಥರ ಬಗ್ಗೆ ಒಂದು ಮಾತು. 18 ತುಂಬಿದಾಗ ನಾನು ಟ್ರಂಕ್ ಕಟ್ಟಿ ಇಟ್ಟಿದ್ದೆ. ನಮ್ಮ ಸರ್ ಬಂದು, 21ರ ತನಕ ನೆರವು ಕೊಡಲಿಕ್ಕೆ ಕಾಯ್ದೆಯಲ್ಲೇ ಇದೆ, ಟ್ರಂಕ್ ಬಿಚ್ಚು ಅಂದರು. ಆ ಅರ್ಜಿ ಹಿಡಿದು ಎಷ್ಟು ಸಲ ಆಫೀಸು ಸುತ್ತಿದರು ಅಂತ ಲೆಕ್ಕ ಇಲ್ಲ. ಅವರಿಗೆ ಸೈಕಾಲಜಿ ಗೊತ್ತಿರಲಿಲ್ಲ. ವಾರ್ಡನ್ ನನ್ನನ್ನು ನೇವಿ ಅನ್ನುವುದೂ ಗೊತ್ತಿರಲಿಲ್ಲ.

ಮಾಸ್ತರೇ, ನಿಮ್ಮ 26 ಮಕ್ಕಳನ್ನು ಕೇಳಿದಿರಾ? ಪ್ರತಿ ಮನೆಯಲ್ಲೂ ಮಕ್ಕಳ ಸಮಿತಿ ಇರಬೇಕು ಅಂತ 2016ರ ಬಾಲನ್ಯಾಯ ನಿಯಮದಲ್ಲಿದೆ. ನಮ್ಮಲ್ಲಿ ಅದು ರಿಜಿಸ್ಟರಿನಲ್ಲಿ ಮಾತ್ರ ಇತ್ತು. ನನ್ನ ಸಹಿಯೂ ಇತ್ತು.

ಕೋಡಿಬಾಗದ ಗಾಳಿ

ಮಾಸ್ತರು ಎರಡು ದಿನ ಆಯ್ತು, ಪತ್ತೆ ಇಲ್ಲ. ಬೇಸರ ಮಾಡಿಕೊಂಡ್ರಾ?

ನಿವೃತ್ತ ಮಾಸ್ತರು, ಶಿರಸಿ ಕಡೆ

ಇದ್ದೇನೆ. ಬೇಸರ ಆಯ್ತು, ಸುಳ್ಳು ಯಾಕೆ ಹೇಳಲಿ. 36 ವರ್ಷ ಮಕ್ಕಳ ಜೊತೆಯೇ ಇದ್ದವನು ನಾನು, ಎಂತಕ್ಕೆ ಇವರೆಲ್ಲ ನನಗೆ ಪಾಠ ಹೇಳ್ತಾರೆ ಅನ್ನಿಸ್ತು.

ನಿನ್ನೆ ಬೆಳಿಗ್ಗೆ ಸಂಸ್ಥೆಗೆ ಹೋಗಿದ್ದೆ. ಮೊದಲು ಆಫೀಸಿನ ಕ್ಯಾಲೆಂಡರ್ ನೋಡಿದೆ. ಕೆಳಗೆ ಮೊಳೆ. ಮೊಳೆಯಲ್ಲಿ ಕಪಾಟಿನ ಕೀಲಿ, ಅದರ ಜೊತೆ ಗೇಟಿನದ್ದು, ಪಂಪ್‌ಸೆಟ್ ಶೆಡ್ಡಿನದ್ದು. ಹಳೇ ಕೌನ್ಸೆಲರ್ ಅವರೇ, ನೀವು ನಮ್ಮಲ್ಲೇ ಕೆಲಸ ಮಾಡಿದವರಾ?

ಹಳೇ ಕೌನ್ಸೆಲರ್

ಅಲ್ಲ ಮಾಸ್ತರೇ. ಎಲ್ಲ ಕಡೆ ಮೊಳೆ ಅಲ್ಲೇ ಇರ್ತದೆ.

ನಿವೃತ್ತ ಮಾಸ್ತರು, ಶಿರಸಿ ಕಡೆ

ಹೊಸ ಬೀಗ ಹಾಕಿಸ್ತೇವೆ. ಒಂದು ಕೀಲಿ ಕೌನ್ಸೆಲರ್ ಹತ್ರ. ಇನ್ನೊಂದನ್ನು ಲಕೋಟೆಯಲ್ಲಿ ಸೀಲ್ ಮಾಡಿ ದೊಡ್ಡಮ್ಮನ ಹತ್ರ, ಒಡೆದರೆ ಯಾಕೆ ಒಡೆದೆ ಅಂತ ಬರೆಯಬೇಕು. ಇದಕ್ಕೆ ಅಕ್ಕೋರು ಅರ್ಧ ಮನಸ್ಸಿನಿಂದ ಒಪ್ಪಿದ್ದಾರೆ. "ನನ್ನ ಮಕ್ಕಳ ವಿಷಯ ನನಗೇ ಮುಚ್ಚಳವಾ?" ಅಂತ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ಗೋವಾದ ತಮ್ಮ ಬರೆದದ್ದನ್ನು ಓದಿ ಹೇಳಿದೆ. ನೇವಿ ಅನ್ನುವಲ್ಲಿಗೆ ಬಂದಾಗ ಅವರು ಎದ್ದು ಒಳಗೆ ಹೋದರು.

ಬಿಟ್ಟು ಹೋದ ಕೌನ್ಸೆಲರ್‌ಗೂ ಫೋನ್ ಮಾಡಿದ್ದೆ. ಮುಂದಿನವರು ಬಂದ ಮೇಲೆ ಅವರ ಕೈಗೇ ನೋಟ್‌ಬುಕ್ ಕೊಡ್ತೇನೆ, ಬೋರ್ಡಿಗೆ ಅಲ್ಲ ಅಂದರು. ಇದು ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಸಂಸ್ಥೆಯದ್ದು ಸಂಸ್ಥೆಗೇ ಬರಬೇಕು. ಆದರೂ ಆಯ್ತು ಅಂದೆ.

ಹುದ್ದೆಯ ವಿಷಯ ದಾನಿಗಳಿಗೆ ಬರೆದಿದ್ದೇನೆ, ನರ್ಸ್ ಮೇಡಂ ಹೇಳಿದ ಹಾಗೆ. ಮ್ಯಾನೇಜರ್ ಬೇಕು ಅನ್ನುವ ಮೂವರು ಈಗ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅಕ್ಕೋರ ನಂತರ ಯಾರು ಅನ್ನುವುದು ಹಾಗೇ ಉಳಿದಿದೆ.

ಮಕ್ಕಳನ್ನೂ ಕೂರಿಸಿಕೊಂಡು ಕೇಳಿದೆ. ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೋಡಿಬಾಗದ ಗಾಳಿ

ಮಾಸ್ತರು ಪಾಸ್.

ಲೆಕ್ಕದವ, ಕುಮಟಾ

ಬೀಗದ ಬಿಲ್ ಜಿಎಸ್‌ಟಿ ನಂಬರ್ ಇರುವುದೇ ತನ್ನಿ ಮಾಸ್ತರೇ. ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಬಂದರೆ ನಾನು ಹಾಕುವುದಿಲ್ಲ.