‘ನಿನ್ನನ್ನು ನೀನು ಅರಿ’: ಸಾಕ್ರೆಟೀಸ್ ಇನ್ನೊಬ್ಬರ ಕಣ್ಣನ್ನು ಯಾಕೆ ತರುತ್ತಾನೆ?

ಪ್ರಶ್ನೆ:
ಪ್ಲೇಟೋ ಹೆಸರಿನಲ್ಲಿರುವ ‘ಆಲ್ಸಿಬಿಯಾಡೀಸ್’ ಮೊದಲನೆಯ ಸಂವಾದ ಓದುತ್ತಿದ್ದೇನೆ. ಗ್ರೀಸ್‌ನ ಡೆಲ್ಫಿ ದೇಗುಲದಲ್ಲಿ ಬರೆದಿದ್ದ ‘ನಿನ್ನನ್ನು ನೀನು ಅರಿ’ ಎಂಬ ಮಾತಿಗೆ ನಮ್ಮ ಉಪನಿಷತ್ತುಗಳ ಹಾಗೆ ‘ಒಳಮುಖವಾಗಿ ನೋಡು’ ಎಂಬ ವಿವರಣೆ ಬರುತ್ತದೆ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ಇನ್ನೊಬ್ಬರ ಕಣ್ಣಿನ ವಿಷಯ! ಜೊತೆಗೆ, ದೇವರು ಇನ್ನೂ ನಿಚ್ಚಳವಾದ ಕನ್ನಡಿ ಎಂಬ ಸಾಲುಗಳು ಒಂದು ಅನುವಾದದಲ್ಲಿವೆ, ಇನ್ನೊಂದರಲ್ಲಿಲ್ಲ. ಯಾವುದನ್ನು ನಂಬಲಿ?

ಉತ್ತರ 1:
ಎರಡನೆಯದು ಮೊದಲು. ಆ ಸಾಲುಗಳು (ಪ್ಲೇಟೋ ಕೃತಿಗಳಿಗೆ ಬಳಸುವ ಪುಟಸಂಖ್ಯೆಯಲ್ಲಿ 133ಸಿ) ಪ್ಲೇಟೋ ಹಸ್ತಪ್ರತಿಗಳಲ್ಲಿಲ್ಲ. ಎಷ್ಟೋ ಶತಮಾನಗಳ ನಂತರದ ಬರಹಗಾರರಾದ ಯುಸೀಬಿಯಸ್, ಸ್ಟೋಬಿಯಸ್ ಉದ್ಧರಿಸಿದ ಪಾಠದಲ್ಲಿ ಸಿಗುತ್ತವೆ. ಹಾಗಾಗಿ ಸಂಪಾದಕರಲ್ಲೇ ಒಮ್ಮತವಿಲ್ಲ. ಅವುಗಳ ಮೇಲೆ ವಾದ ಕಟ್ಟಬೇಡಿ.

ಕಣ್ಣಿನ ಭಾಗಕ್ಕೆ ಬರುವ ಮುನ್ನ 129–130 ಓದಲೇಬೇಕು. ಚಮ್ಮಾರ ಬೇರೆ, ಅವನ ಉಳಿ ಬೇರೆ. ಹಾಗೆಯೇ ದೇಹವನ್ನು ಬಳಸುವವನು ದೇಹವಲ್ಲ, ಮನುಷ್ಯನೆಂದರೆ ಆತ್ಮ. ಉಪನಿಷತ್ತಿನ ನೆನಪು ಬರುವುದು ಸಹಜ, ಆದರೆ ಇಲ್ಲಿಂದ ದಾರಿ ಬೇರೆಯಾಗುತ್ತದೆ. ಕಣ್ಣು ತನ್ನನ್ನು ತಾನೇ ನೋಡಿಕೊಳ್ಳಲಾರದು. ಎದುರಿನವರ ಕಣ್ಣನ್ನು ದಿಟ್ಟಿಸಿದರೆ ಪಾಪೆಯಲ್ಲಿ ನಮ್ಮ ಮುಖ ಪುಟ್ಟದಾಗಿ ಕಾಣುತ್ತದೆ, ಅದೂ ನೋಟ ಇರುವ ಆ ಜಾಗದಲ್ಲಿ ಮಾತ್ರ. ಅದೇ ರೀತಿ ಆತ್ಮ ಇನ್ನೊಂದು ಆತ್ಮದಲ್ಲಿ ವಿವೇಕ ನೆಲೆಸಿರುವ ಭಾಗವನ್ನು ನೋಡಬೇಕು. ಇಷ್ಟೆಲ್ಲ ಸಾಕ್ರೆಟೀಸ್ ಹೇಳುತ್ತಿರುವುದು ಇನ್ನೂ 20 ತುಂಬದ, ಅಥೆನ್ಸ್‌ನ ಸಭೆಯಲ್ಲಿ ಎದ್ದುನಿಂತು ಸಲಹೆ ಕೊಡಲು ಹೊರಟಿರುವ ಹುಡುಗ ಆಲ್ಸಿಬಿಯಾಡೀಸ್‌ಗೆ. ಊರಾಳುವ ಮೊದಲು ನಿನ್ನನ್ನು ನೋಡಿಕೋ ಎಂಬುದು ಇಲ್ಲಿನ ಒತ್ತು. ಲೋಕ ಬಿಟ್ಟು ಹೋಗು ಎಂದಲ್ಲ.

ಉತ್ತರ 2:
ಇದು ಕೆಲಸದಲ್ಲಿ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ಸಾಕ್ರೆಟೀಸ್‌ನ ಇನ್ನೊಬ್ಬ ಶಿಷ್ಯ ಕ್ಸೆನೊಫೋನ್ ಬರೆದ ‘ಮೆಮೊರಾಬಿಲಿಯಾ’ 4.2 ತೆಗೆಯಿರಿ. ಪುಸ್ತಕ ಕೂಡಿಹಾಕಿ ತಾನು ಜಾಣನೆಂದುಕೊಂಡ ಯೂಥಿಡೀಮಸ್‌ನ ಮುಂದೆ ಸಾಕ್ರೆಟೀಸ್ ಎರಡು ಪಟ್ಟಿ ಮಾಡಿಸುತ್ತಾನೆ: ನ್ಯಾಯ, ಅನ್ಯಾಯ. ಸುಳ್ಳು ಎಲ್ಲಿಗೆ? ಅನ್ಯಾಯಕ್ಕೆ. ಮೋಸ? ಅದೂ ಅಲ್ಲಿಗೇ. ಯುದ್ಧದಲ್ಲಿ ಶತ್ರುವಿಗೆ ಮಾಡಿದ ಮೋಸ? ನ್ಯಾಯಕ್ಕೆ. ಹಾಗಾದರೆ ಸ್ನೇಹಿತರಿಗೆ ಮಾತ್ರ ಸುಳ್ಳು ಹೇಳಬಾರದು ಅನ್ನೋಣವೇ? ಔಷಧಿ ಬೇಡವೆನ್ನುವ ಮಗುವಿಗೆ ಅದನ್ನು ಊಟದಲ್ಲಿ ಬೆರೆಸಿ ಕೊಡುವ ತಂದೆ ಎಲ್ಲಿಗೆ? ಪ್ರಾಣ ಕಳೆದುಕೊಂಡಾನೆಂದು ಗೆಳೆಯನ ಕತ್ತಿಯನ್ನು ಕದಿಯುವವನು? ಪಟ್ಟಿ ನಿಲ್ಲುವುದಿಲ್ಲ. ಡೆಲ್ಫಿಯ ಮಾತು ಬರುವುದು ಇದಾದ ಮೇಲೆ. ಎರಡು ಸಲ ಅಲ್ಲಿಗೆ ಹೋಗಿದ್ದರೂ, ನನ್ನ ಬಗ್ಗೆ ನನಗೆ ಗೊತ್ತೇ ಇದೆ ಅಂತ ಆ ಬರಹವನ್ನು ಲಕ್ಷಿಸಲಿಲ್ಲ ಎನ್ನುತ್ತಾನೆ ಹುಡುಗ. ಕುದುರೆ ಕೊಳ್ಳುವವನು ಅದು ಸಾಧುವೋ ಹಟಮಾರಿಯೋ, ಬಲವಿದೆಯೋ ಇಲ್ಲವೋ, ಓಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದಿಲ್ಲವೇ ಎಂದು ಸಾಕ್ರೆಟೀಸ್ ಕೇಳುತ್ತಾನೆ. ಕ್ಸೆನೊಫೋನ್‌ನಲ್ಲಿ ತನ್ನನ್ನು ಅರಿಯುವುದೆಂದರೆ ತನ್ನಿಂದ ಏನಾಗುತ್ತದೆ, ಏನಾಗದು ಎಂದು ತಿಳಿಯುವುದು.

ಉತ್ತರ 3:
ಪ್ಲೇಟೋನ ‘ಕಾರ್ಮಿಡೀಸ್’ ಸಂವಾದವನ್ನೂ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಎಲ್ಲ ಸಲೀಸು ಅನ್ನಿಸಿಬಿಡುತ್ತದೆ. ಸಂಯಮವೆಂದರೆ ತನ್ನನ್ನು ತಾನು ಅರಿಯುವುದು ಎಂದು ಅಲ್ಲಿ ಸಾಕ್ರೆಟೀಸ್ ಜೊತೆ ವಾದಿಸುವ ಕ್ರಿಟಿಯಾಸ್ ಹೇಳುತ್ತಾನೆ. ಬರಬರುತ್ತಾ ಅದು ‘ಅರಿವಿನ ಅರಿವು’ ಆಗುತ್ತದೆ. 170–171ರಲ್ಲಿ ಸಾಕ್ರೆಟೀಸ್ ಅದನ್ನು ಹಿಡಿದು ಕೇಳುತ್ತಾನೆ: ವೈದ್ಯಶಾಸ್ತ್ರವೇ ಗೊತ್ತಿಲ್ಲದವನು, ಅರಿವಿನ ಅರಿವೊಂದನ್ನೇ ಇಟ್ಟುಕೊಂಡು, ನಿಜವಾದ ವೈದ್ಯ ಯಾರು, ನಕಲಿ ಯಾರು ಅಂತ ಹೇಗೆ ಪತ್ತೆ ಹಚ್ಚುತ್ತಾನೆ? ಸಂವಾದ ಉತ್ತರ ಸಿಗದೆಯೇ ಮುಗಿಯುತ್ತದೆ.