ತಾಟು ಬಿದ್ದ ಸದ್ದಿಗೆ ಮೂಲೆ ಸೇರುವ ಮಗು: ಶಿಕ್ಷಕರ ಪ್ರಶ್ನೆ, ಆಪ್ತಸಮಾಲೋಚಕರ ಉತ್ತರ

ಪ್ರಶ್ನೆ (ಮುಖ್ಯ ಶಿಕ್ಷಕರು, ಸಿಂಧನೂರು ತಾಲ್ಲೂಕು): ಮೇಡಂ, ನಮಸ್ಕಾರ. ನಮ್ಮ ಶಾಲೆಯಲ್ಲಿ 6ನೇ ತರಗತಿಯ ಒಬ್ಬ ಹುಡುಗ ಇದ್ದಾನೆ. ನಾಲ್ಕು ತಿಂಗಳ ಹಿಂದೆ ತಂದೆ ಸಾಲದ ಕಾಟಕ್ಕೆ ಮನೆಯಲ್ಲೇ ಪ್ರಾಣ ಕಳೆದುಕೊಂಡರು, ಹುಡುಗ ಕಣ್ಣಾರೆ ಕಂಡಿದ್ದಾನೆ. ಈಗ ಬಿಸಿಯೂಟದ ಹೊತ್ತಿನಲ್ಲಿ ಯಾರದಾದರೂ ತಾಟು ಬಿದ್ದು ಸದ್ದಾದರೆ ಓಡಿಹೋಗಿ ಮೂಲೆ ಸೇರುತ್ತಾನೆ. ಗಣಿತದ ಅವಧಿಯಲ್ಲಿ ನಿದ್ದೆ ಮಾಡುತ್ತಾನೆ. ಹಿಂದಿನಿಂದ ಮೈ ಮುಟ್ಟಿದವರಿಗೆ ಹೊಡೆದೇಬಿಡುತ್ತಾನೆ. ನಮ್ಮಲ್ಲಿ ಇಬ್ಬರು ಶಿಕ್ಷಕರು ಇದು ಸೊಕ್ಕು ಅನ್ನುತ್ತಾರೆ, ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದಾರೆ. ನಾವು ಮಾಡಬೇಕಾದ್ದು ಏನು?

ಉತ್ತರ (ಮಕ್ಕಳ ಆಪ್ತಸಮಾಲೋಚಕಿ, ರಾಯಚೂರು): ಸರ್, ನೀವು ಬರೆದ ಮೂರೂ ಲಕ್ಷಣಗಳ ಬೇರು ಒಂದೇ. ದೊಡ್ಡ ಆಘಾತ ಕಂಡ ಮಗುವಿನ ಮೈ ಅಪಾಯ ಇನ್ನೂ ಮುಗಿದಿಲ್ಲ ಎಂದೇ ನಡೆದುಕೊಳ್ಳುತ್ತದೆ. ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಪುಟ್ಟ ಭಾಗ ಸಣ್ಣ ಸದ್ದಿಗೂ ಗಂಟೆ ಬಾರಿಸುತ್ತದೆ. ಆಗ ಮೈ ಓಡುತ್ತದೆ, ಇಲ್ಲವೇ ಹೊಡೆಯುತ್ತದೆ, ಇಲ್ಲವೇ ಮರಗಟ್ಟಿ ಕೂರುತ್ತದೆ. ರಾತ್ರಿ ನಿದ್ದೆ ಹತ್ತದ ಮಗು ಹಗಲು ಎಲ್ಲಿ ಸ್ವಲ್ಪ ನೆಮ್ಮದಿ ಸಿಗುತ್ತದೋ ಅಲ್ಲಿ ತೂಕಡಿಸುತ್ತದೆ. ಗಣಿತದ ತರಗತಿಯಲ್ಲಿ ನಿದ್ದೆ ಮಾಡುತ್ತಾನೆ ಅಂದರೆ ಬಹುಶಃ ಆ ಶಿಕ್ಷಕರ ಹತ್ತಿರ ಅವನಿಗೆ ಅಂಜಿಕೆ ಕಡಿಮೆ. ಇದನ್ನು ಅವರಿಗೆ ಹೇಳಿ, ಅವರ ಮನಸ್ಸಿನ ಭಾವನೆಯೇ ಬದಲಾದೀತು.

ಗಂಟೆ ಬಾರಿಸುತ್ತಿರುವಾಗ ಬುದ್ಧಿವಾದ ಕಿವಿಗೆ ಬೀಳುವುದಿಲ್ಲ. ಅವನು ಮೂಲೆ ಸೇರಿದಾಗ ಒಬ್ಬರೇ ಹೋಗಿ. ಎದುರಿಗೆ ನಿಲ್ಲದೆ, ಒಂದು ಮಾರು ದೂರದಲ್ಲಿ ಪಕ್ಕಕ್ಕೆ, ಅವನಷ್ಟೇ ಎತ್ತರಕ್ಕೆ ಕುಳಿತುಕೊಳ್ಳಿ. ಹೆಸರು ಕರೆದು ಮೆಲ್ಲಗೆ, "ತಾಟು ಬಿತ್ತು ಅಷ್ಟೇ. ನೀನು ಸಾಲ್ಯಾಗ ಇದ್ದಿ. ನಾನು ಇಲ್ಲೇ ಕುಂತೀನಿ" ಎನ್ನಿ. ಎರಡೂ ಪಾದ ನೆಲಕ್ಕೆ ಊರಿಸಿ, ಕಾಣುವ ಐದು ವಸ್ತು ಹೇಳಿಸಿ. ಒಪ್ಪಿದರೆ ಮುಖಕ್ಕೆ ತಣ್ಣೀರು ಹಚ್ಚಿಕೊಳ್ಳಲಿ. ಉಸಿರು ನಾಲ್ಕು ಎಣಿಸುತ್ತ ಒಳಕ್ಕೆ, ಆರು ಎಣಿಸುತ್ತ ಹೊರಕ್ಕೆ. ಹೊರಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಕಣ್ಣು ಮುಚ್ಚು ಎಂದು ಹೇಳಬೇಡಿ, ಕಣ್ಣು ಮುಚ್ಚಿದರೆ ಆ ದೃಶ್ಯವೇ ಎದುರು ಬರಬಹುದು. ಕೇಳದೆ ಮೈ ಮುಟ್ಟಬೇಡಿ, ಪ್ರೀತಿಯಿಂದ ಬೆನ್ನು ಸವರುವುದೂ ಬೇಡ.

ಜೊತೆಗೆ ದಿನಚರಿ ಬದಲಿಸಿ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಅವನ ಜಾಗ ಇರಲಿ. ಊಟಕ್ಕೆ ಸಾಲಿನ ತುದಿಯಲ್ಲಿ ಕೂರಲಿ, ತಾಟು ತೊಳೆಯುವ ಕಡೆ ಬೇಡ. ಬೆಲ್ ಹೊಡೆಯುವ ಐದು ನಿಮಿಷ ಮೊದಲು, "ಇನ್ನೈದು ನಿಮಿಷಕ್ಕ ಗಂಟಿ" ಎಂದು ಇಡೀ ತರಗತಿಗೇ ಹೇಳಿ, ಅವನೊಬ್ಬನಿಗೆ ಹೇಳಬೇಡಿ. ಹೊರಗೆ ಹೋಗಬೇಕೆನಿಸಿದಾಗ ತೋರಿಸಲು ಒಂದು ಸನ್ನೆ ಗೊತ್ತುಮಾಡಿ, ಹೋಗಬೇಕಾದ ಜಾಗ ಒಂದೇ ಇರಲಿ, ಅಲ್ಲಿ ಇರುವವರೂ ಒಬ್ಬರೇ ಇರಲಿ. ಬಿಸಿಯೂಟದ ಅಡುಗೆಯಮ್ಮನೊಡನೆ ಅವನಿಗೆ ಸಲಿಗೆ ಇದ್ದರೆ ಆಕೆಯೇ ಸಾಕು.

ತಾಯತ ಬಿಚ್ಚಿಸಲು ಹೋಗಬೇಡಿ. ಅದು ಕೈಯಲ್ಲಿರಲಿ, ಆಸ್ಪತ್ರೆಗೂ ಹೋಗಿ ಬರೋಣ ಎಂದರೆ ತಾಯಿ ಒಪ್ಪುತ್ತಾರೆ. ನಾಲ್ಕು ತಿಂಗಳಾದರೂ ಇಷ್ಟು ಇದೆ ಎಂದರೆ ಮನೋವೈದ್ಯರಿಗೆ ತೋರಿಸಲೇಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ, ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ.

ಇನ್ನೊಂದು ಮಾತು, ಇದನ್ನು ಮುಂದೂಡಬೇಡಿ. "ನಾನೂ ಅಪ್ಪನ ಹತ್ರ ಹೋಗ್ತೀನಿ" ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಮನೆಯಲ್ಲಿ ಹತ್ತಿಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿ ಇದ್ದರೆ ಬೀಗದೊಳಗೆ ಇಡಲು, ಆಗದಿದ್ದರೆ ಬೇರೆಯವರ ಮನೆಗೆ ಸಾಗಿಸಲು ತಾಯಿಗೆ ಇವತ್ತೇ ಹೇಳಿ.

ಪ್ರಶ್ನೆ (ಸಹ ಶಿಕ್ಷಕಿ, ಗಂಗಾವತಿ ತಾಲ್ಲೂಕು): ಹುಡುಗಿ ಬಂದು "ಅಕ್ಕೋರೇ, ಯಾರಿಗೂ ಹೇಳಬ್ಯಾಡ್ರಿ" ಅಂತ ಶುರುಮಾಡಿದರೆ? ಹೇಳುವುದಿಲ್ಲ ಎಂದು ಮಾತು ಕೊಟ್ಟರೆ ತಾನೇ ಬಾಯಿ ಬಿಡೋದು?

ಉತ್ತರ (ಆಪ್ತಸಮಾಲೋಚಕಿ): ಆ ಮಾತು ಕೊಡಬೇಡಿ ಮೇಡಂ. "ನಿನಗೆ ಅಪಾಯ ಇದ್ದರೆ ಸಹಾಯ ಮಾಡೋ ಒಬ್ಬಿಬ್ಬರಿಗೆ ಹೇಳಲೇಬೇಕು. ಊರಿಗೆಲ್ಲ ಹೇಳೋದಿಲ್ಲ. ಯಾರಿಗೆ ಹೇಳ್ತೀನಿ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ" ಎನ್ನಿ. ಹೀಗೆಂದರೂ ಬಹಳ ಮಕ್ಕಳು ಹೇಳುತ್ತಾರೆ. ಮಾತು ಕೊಟ್ಟು ಮುರಿದರೆ ಆ ಮಗು ಮತ್ತೆ ಯಾವ ದೊಡ್ಡವರ ಮುಂದೆಯೂ ಬಾಯಿ ತೆರೆಯುವುದಿಲ್ಲ.

ಮಗು ಹೇಳಿದಷ್ಟನ್ನೇ ಕೇಳಿಸಿಕೊಳ್ಳಿ. "ಆಮೇಲೆ?" ಎನ್ನಬಹುದು. "ಅವನು ಇಲ್ಲಿ ಮುಟ್ಟಿದನಾ?" ಎಂದು ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳಬೇಡಿ. ಮಗು ಹೋದ ಕೂಡಲೇ ಅದರ ಮಾತನ್ನೇ, ಅದರ ಭಾಷೆಯಲ್ಲೇ ಬರೆದಿಡಿ, ದಿನಾಂಕ ಮತ್ತು ಸಮಯ ಹಾಕಿ. ಮುಖ್ಯ ಶಿಕ್ಷಕರು ಕರೆದು ಕೇಳುವುದು, ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಆಮೇಲೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಹೀಗೆ ನಾಲ್ಕು ಸಲ ಹೇಳಿಸುವುದು ಎರಡನೇ ಗಾಯ. ನಮ್ಮ ಭಾಗದಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ.

ಉತ್ತರ (ವಕೀಲರು, ಕೊಪ್ಪಳ): ಕಾನೂನಿನ ಭಾಗ ನಾನು ಸೇರಿಸುತ್ತೇನೆ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಖ್ಯ ಶಿಕ್ಷಕರಿಗೆ ಹೇಳಿದೆ ಎಂದರೆ ಶಿಕ್ಷಕರ ಹೊಣೆ ಮುಗಿಯುವುದಿಲ್ಲ. ತಿಳಿಸದಿದ್ದರೆ 21ನೇ ಕಲಂ ಅಡಿ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ನಿಲ್ಲುವುದಿಲ್ಲ, ಅದೂ 19ರಲ್ಲೇ ಇದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ, ಸಮವಸ್ತ್ರ ಇಲ್ಲದೆ, ಸಾಧ್ಯವಾದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಜೀಪು ಶಾಲೆಯ ಅಂಗಳಕ್ಕೆ ಬರುವುದು ಬೇಡ ಎಂದು ನೀವು ಧೈರ್ಯವಾಗಿ ಕೇಳಿಕೊಳ್ಳಬಹುದು. ಮಗುವಿನ ಗುರುತು ಹೊರಬೀಳಬಾರದು, ಆದ್ದರಿಂದ ವಾಟ್ಸ್ಆ್ಯಪ್ ಗುಂಪಿನಲ್ಲಿ ಶಾಲೆಯ ಹೆಸರನ್ನೂ ಹಾಕಬೇಡಿ. ಊರ ಹಿರಿಯರ ಪಂಚಾಯ್ತಿಗೆ ಇಲ್ಲಿ ಜಾಗವೇ ಇಲ್ಲ.

ಉತ್ತರ (ಆಪ್ತಸಮಾಲೋಚಕಿ): ಘಟನೆ ನಡೆದು 72 ಗಂಟೆ ಆಗಿರದಿದ್ದರೆ ಮೊದಲು ಆಸ್ಪತ್ರೆ. ಎಚ್‌ಐವಿ ತಡೆಯುವ ಔಷಧವನ್ನು ಆ ಅವಧಿಯೊಳಗೇ ಶುರುಮಾಡಬೇಕು, ಅದನ್ನೂ ಗರ್ಭ ತಡೆಯುವ ಮಾತ್ರೆಯನ್ನೂ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ, ಬಟ್ಟೆಯನ್ನು ಪ್ಲಾಸ್ಟಿಕ್ ಬಿಟ್ಟು ಕಾಗದದ ಚೀಲದಲ್ಲಿಡಿ. ಎಫ್‌ಐಆರ್ ಇಲ್ಲದೆ ನೋಡುವುದಿಲ್ಲ ಎಂದು ಆಸ್ಪತ್ರೆಯವರು ಹೇಳುವಂತಿಲ್ಲ.

ಪ್ರಶ್ನೆ (ಹಾಸ್ಟೆಲ್ ವಾರ್ಡನ್, ಲಿಂಗಸುಗೂರು): ತಂದೆ ತಾಯಿ ಗುಳೆ ಹೋದ ಮಕ್ಕಳು ನಮ್ಮಲ್ಲಿ ಹೆಚ್ಚು. 9-10 ವರ್ಷದವರೂ ಹಾಸಿಗೆ ಒದ್ದೆ ಮಾಡುತ್ತಾರೆ. ಉಳಿದವರು ಆಡಿಕೊಳ್ಳುತ್ತಾರೆ.

ಉತ್ತರ (ಆಪ್ತಸಮಾಲೋಚಕಿ): ಮೊದಲು ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಇದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿ. ಸಂಜೆ ನೀರು ಪೂರ್ತಿ ನಿಲ್ಲಿಸಬೇಡಿ, ನಮ್ಮ ಬಿಸಿಲಿಗೆ ಅದು ತಪ್ಪು. ಹಗಲು ಹೆಚ್ಚು ಕುಡಿಸಿ, ಮಲಗುವ ಎರಡು ತಾಸು ಮೊದಲು ಕಡಿಮೆ ಮಾಡಿ. ಶೌಚಾಲಯದ ದಾರಿಗೆ ಲೈಟ್ ಇರಲಿ. ಕತ್ತಲಿಗೆ ಅಂಜಿ ಎದ್ದುಹೋಗದ ಮಕ್ಕಳೂ ಇರುತ್ತಾರೆ. ಒಂದು ಹೆಚ್ಚುವರಿ ಚಾದರ, ಒಂದು ರಬ್ಬರ್ ಶೀಟ್ ಸದ್ದಿಲ್ಲದೆ ಆ ಮಗುವಿನ ಟ್ರಂಕಿನಲ್ಲಿ ಇಡಿ. ಅಪ್ಪ ಅಮ್ಮನಿಗೆ ವಾರಕ್ಕೊಂದು ಫೋನು, ಅದೇ ದಿನ, ಅದೇ ಹೊತ್ತಿಗೆ. ಯಾವಾಗ ಕರೆ ಬರುತ್ತದೆ ಎಂದು ಗೊತ್ತಿರುವುದೇ ಮಗುವಿಗೆ ಆಸರೆ. "ನಾಳೆ ಬರ್ತಾರೆ" ಎಂದು ಸುಳ್ಳು ಸಮಾಧಾನ ಹೇಳಬೇಡಿ.

ಪ್ರಶ್ನೆ (ಸಿಆರ್‌ಪಿ, ಸಿರುಗುಪ್ಪ): ಆಘಾತ ಕಂಡ ಮಕ್ಕಳೊಡನೆ ಹೀಗೆ ನಡೆದುಕೊಳ್ಳುವುದನ್ನು ಶಿಕ್ಷಕರಿಗೆ ಕಲಿಸಲು ಒಂದು ದಿನದ ತರಬೇತಿ ಇಟ್ಟರೆ ಸಾಕೇ? ಇದರಿಂದ ನಿಜವಾಗಿ ಉಪಯೋಗ ಆಗಿದೆ ಎಂದು ಎಲ್ಲಿಯಾದರೂ ಸಾಬೀತಾಗಿದೆಯೇ? ಮೇಲಿನವರು ಕೇಳುತ್ತಾರೆ.

ಉತ್ತರ (ಆಪ್ತಸಮಾಲೋಚಕಿ): ಎರಡನೇ ಪ್ರಶ್ನೆ ಬಹಳ ಸರಿಯಾದದ್ದು. ಈ ವಿಧಾನದ ಚೌಕಟ್ಟು ಅಮೆರಿಕದ್ದು. ಅಲ್ಲಿನ ಸ್ಯಾಮ್ಸಾ ಎಂಬ ಸರ್ಕಾರಿ ಸಂಸ್ಥೆ 2014ರಲ್ಲಿ ನಾಲ್ಕು ಮಾತು ಹೇಳಿತು: ಆಘಾತ ಎಷ್ಟು ವ್ಯಾಪಕ ಎಂದು ಅರಿಯಿರಿ, ಲಕ್ಷಣ ಗುರುತಿಸಿ, ಅದಕ್ಕೆ ತಕ್ಕಂತೆ ನಡೆದುಕೊಳ್ಳಿ, ಮತ್ತೆ ಗಾಯ ಮಾಡಬೇಡಿ. ಇಡೀ ಶಾಲೆಯನ್ನು ಹೀಗೆ ಬದಲಿಸಿದರೆ ಏನಾಗುತ್ತದೆ ಎಂದು 2019ರಲ್ಲಿ, ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ತೂಗುವ ಕ್ಯಾಂಪ್‌ಬೆಲ್ ಕೊಲ್ಯಾಬೊರೇಶನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆಗೆ ತನ್ನ ಮಾನದಂಡಕ್ಕೆ ಒಪ್ಪುವ ಒಂದು ಅಧ್ಯಯನವೂ ಸಿಗಲಿಲ್ಲ. ಇದು ಸೋತಿತು ಎಂದಲ್ಲ, ಗಟ್ಟಿಯಾಗಿ ಅಳೆದವರಿರಲಿಲ್ಲ ಎಂದರ್ಥ. ತರಬೇತಿ ಪಡೆದವರು ಶಾಲೆಯಲ್ಲೇ ಸಣ್ಣ ಗುಂಪಿಗೆ ನಡೆಸುವ ಆಲೋಚನೆ-ವರ್ತನೆ ಚಿಕಿತ್ಸೆಯಿಂದ ಲಕ್ಷಣ ಇಳಿದದ್ದಕ್ಕೆ ಮಾತ್ರ ಲಾಸ್ ಏಂಜಲೀಸ್‌ನ ಶಾಲೆಗಳ ಅಧ್ಯಯನದಲ್ಲಿ ಒಳ್ಳೆಯ ಆಧಾರ ಇದೆ. ಇನ್ನು ಹೊಡೆಯದಿರುವುದಕ್ಕೆ ಸಾಕ್ಷಿ ಹುಡುಕುತ್ತ ಕೂರಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಹಾಗಾಗಿ ದುಬಾರಿ ಪ್ಯಾಕೇಜ್ ಕೊಳ್ಳಬೇಡಿ.

ಒಂದು ದಿನದ ಉಪನ್ಯಾಸ ಹದಿನೈದು ದಿನದಲ್ಲಿ ಮರೆತುಹೋಗುತ್ತದೆ. ಎರಡು ಅರ್ಧ ದಿನ ಇಡಿ, ನಡುವೆ ಎರಡು ವಾರ ಬಿಡಿ. ಆಮೇಲೆ ತಿಂಗಳ ಸಮಾಲೋಚನಾ ಸಭೆಯಲ್ಲಿ 40 ನಿಮಿಷ, ಕಡಿಮೆ ಎಂದರೆ ಒಂದು ವರ್ಷ. ಗುಂಪಿನಲ್ಲಿ 25 ಜನಕ್ಕಿಂತ ಹೆಚ್ಚು ಬೇಡ. ಅತಿಥಿ ಶಿಕ್ಷಕರು, ಅಡುಗೆಯವರು, ವಾರ್ಡನ್, ರಾತ್ರಿ ಕಾವಲುಗಾರರು ಬರಲೇಬೇಕು. ಮಕ್ಕಳು ಗುಟ್ಟು ಹೇಳುವುದು ಬಹಳ ಸಲ ಇವರ ಹತ್ತಿರ. ಮೊದಲ ಅರ್ಧ ದಿನ ಮೈ-ಮೆದುಳಿನ ವಿಷಯ ಒಂದು ತಾಸು, ಉಳಿದದ್ದೆಲ್ಲ ಅಭ್ಯಾಸ. ನಿಜವಾಗಿ ತಾಟು ಬೀಳಿಸಿ, ಒಬ್ಬರು ಮಗುವಾಗಿ, ಒಬ್ಬರು ಶಿಕ್ಷಕರಾಗಿ ಮಾಡಿ ನೋಡಲಿ. ಅವರು ಬಾಯಿಬಿಟ್ಟು ಆಡುವ ಮೊದಲ ವಾಕ್ಯವೇ ತರಬೇತಿ. ಎರಡನೇ ಅರ್ಧ ದಿನ ಆ ಎರಡು ವಾರದಲ್ಲಿ ಕಂಡದ್ದು, ಮಗು ಬಾಯಿಬಿಟ್ಟಾಗ ಕೇಳುವ ಬಗೆ, ಯಾರಿಗೆ ಫೋನು.

ಕೆಡುವುದು ಎಲ್ಲಿ? ಹಿಂಸೆಯ ವಿಡಿಯೊ ತೋರಿಸುವುದರಲ್ಲಿ. "ನಿಮ್ಮ ಬಾಲ್ಯದ ನೋವು ಹಂಚಿಕೊಳ್ಳಿ" ಎಂದು ಶಿಕ್ಷಕರನ್ನು ಬಲವಂತ ಮಾಡುವುದರಲ್ಲಿ. ಕೂತವರಲ್ಲೂ ಏಟು ತಿಂದು ಬೆಳೆದವರಿರುತ್ತಾರೆ, ಎದ್ದು ಹೊರಗೆ ಹೋಗಲು ಅನುಮತಿ ಕೇಳಬೇಕಿಲ್ಲ ಎಂದು ಶುರುವಿನಲ್ಲೇ ಹೇಳಿ. ಸ್ಟಾಫ್‌ರೂಮಿನಲ್ಲಿ "ಟ್ರಾಮಾ ಹುಡುಗ" ಎಂದು ಹೆಸರಿಡುವುದರಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಇಂಟರ್ನೆಟ್‌ನಲ್ಲಿ ಸಿಗುವ ಬಾಲ್ಯದ ಕಹಿ ಅನುಭವಗಳ 10 ಪ್ರಶ್ನೆಗಳ ಪಟ್ಟಿಯನ್ನು ಮಕ್ಕಳಿಗೆ ಹಂಚಿ ಅಂಕ ಹಾಕುವುದರಲ್ಲಿ. ಅದು 1990ರ ದಶಕದಲ್ಲಿ 17 ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದ ಸಂಶೋಧನೆಗೆ ಮಾಡಿದ ಸಾಧನ, ಒಂದೊಂದು ಮಗುವನ್ನು ಅಳೆಯುವ ತಕ್ಕಡಿ ಅಲ್ಲ. ಗಾಯ ಕೆದಕಿ ಕೈಬಿಟ್ಟ ಹಾಗಾಗುತ್ತದೆ.

ಪ್ರಶ್ನೆ (ಅದೇ ಸಿಆರ್‌ಪಿ): ಶಾಲೆಗೆ ಲಿಖಿತ ನೀತಿ ಎಂದರೆ ಎಷ್ಟು ಪುಟ?

ಉತ್ತರ (ಆಪ್ತಸಮಾಲೋಚಕಿ): ಒಂದೇ ಹಾಳೆ. ಹೊಡೆಯುವುದಿಲ್ಲ, ಬಿಸಿಲಲ್ಲಿ ನಿಲ್ಲಿಸುವುದಿಲ್ಲ, ಊಟ ತಪ್ಪಿಸುವುದಿಲ್ಲ ಎಂಬ ಮೂರು ಸಾಲು. ಮಗು ಬಂದು ಮಾತಾಡಬಹುದಾದ ಇಬ್ಬರು, ಒಬ್ಬರು ಮಹಿಳೆ. ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಆರೋಗ್ಯ ರಾಯಭಾರಿ ಎಂದು ತರಬೇತಿಯಾದ ಇಬ್ಬರಿದ್ದರೆ ಅವರನ್ನೇ ಮಾಡಿ. ಅವರು ರಜೆಯಲ್ಲಿದ್ದರೆ ಯಾರು ಎಂಬುದೂ ಬರೆದಿರಲಿ. ನೀತಿಗಳು ಮುರಿಯುವುದು ಆ ದಿನವೇ. 1098 (ಮಕ್ಕಳ ಸಹಾಯವಾಣಿ), 112 (ತುರ್ತು ನೆರವು), 14416, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿಯ ನಂಬರುಗಳು. ಹಾಜರಿ, ದಾಖಲಾತಿ ಹೊತ್ತಿನಲ್ಲಿ ತಂದೆಯ ಹೆಸರನ್ನು ತರಗತಿ ಮುಂದೆ ಗಟ್ಟಿಯಾಗಿ ಕೇಳುವುದಿಲ್ಲ ಎಂದೂ ಸೇರಿಸಿ. ದೇವದಾಸಿ ತಾಯಂದಿರ ಮಕ್ಕಳು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಯಲ್ಲಿದ್ದಾರೆ, ಆ ಒಂದು ಪ್ರಶ್ನೆಗೆ ಹೆದರಿ ಶಾಲೆ ಬಿಟ್ಟಾರು.

ಗುಟ್ಟಿನ ದಾಖಲೆಗೆ ಬೇರೆ ನೋಟ್‌ಬುಕ್ ಇಡಿ, ಬೀಗದ ಬೀರುವಿನಲ್ಲಿ, ಕೀಲಿ ಇಬ್ಬರ ಹತ್ತಿರ ಮಾತ್ರ. ಹಾಜರಿ ಪುಸ್ತಕದಲ್ಲಿ, ಟಿಸಿಯಲ್ಲಿ ಒಂದಕ್ಷರವೂ ಬೇಡ. ತಿಂಗಳಿಗೊಮ್ಮೆ ಮೂರು ಲೆಕ್ಕ ಸಾಕು: ಹಾಜರಿ, ತರಗತಿಯಿಂದ ಹೊರಗೆ ಕಳಿಸಿದ ಸಲ, ಹೊಟ್ಟೆನೋವು-ತಲೆನೋವು ಎಂದು ಮನೆಗೆ ಹೋದ ಸಲ. ಜೂನ್‌ನಲ್ಲಿ ಬರೆಯಲು ಶುರುಮಾಡಿ, ದೀಪಾವಳಿ ಹೊತ್ತಿಗೆ ಗುಳೆ ಹೋಗುವ ಮನೆಗಳ ಮಕ್ಕಳ ಲೆಕ್ಕವನ್ನು ಬೇರೆ ತೆಗೆದು ನೋಡಿ.