ಅಪ್‌ಡೇಟ್: ಮಾರಿದ ವಿಂಡ್‌ಸರ್ಫಿಂಗ್ ಬೋರ್ಡ್ ಸಿಗಲಿಲ್ಲ, ಅದರ ಜೋಡಿ ಸಿಕ್ತು

ಹದಿನೈದು ವರ್ಷ ಜೊತೆಗಿದ್ದ ಮಿಸ್ಟ್ರಲ್ ಒನ್ ಡಿಸೈನ್ ಅನ್ನೋ ಹಾಯಿ ಕಟ್ಟಿದ ಬೋರ್ಡನ್ನ ಮನೆ ಬದಲಿಸುವಾಗ ಮಾರಿಬಿಟ್ಟೆ, ಈಗ ಹೊಟ್ಟೆ ಉರೀತಿದೆ, ಏನು ಮಾಡಲಿ ಅಂತ ಮೂರು ವಾರದ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ.

ಕೊಂಡವರಿಗೇ ಫೋನ್ ಮಾಡಿ ಅಂದಿದ್ರಿ. ಮಾಡಿದೆ. ಅವರ ಮಗಳು ಅದರಲ್ಲೇ ಕಲೀತಿದ್ದಾಳಂತೆ. ವಾಪಸ್ ಕೇಳೋಕೆ ಬಾಯಿ ಬರಲಿಲ್ಲ. ಹೊಸ ಥರದ ಅಗಲವಾದ ಗಿಡ್ಡ ಬೋರ್ಡ್ ತಗೊಳ್ಳಿ ಅಂದಿದ್ರಲ್ಲ, ಅದನ್ನೂ ಇಲ್ಲಿ ನೆದರ್ಲೆಂಡ್ಸ್‌ನ ಬ್ರೌವರ್ಸ್‌ಡಾಮ್‌ನಲ್ಲಿ ಬಾಡಿಗೆಗೆ ಪಡೆದು ನೋಡಿದೆ. ಜೋರು ಗಾಳಿಗೆ ಸೊಗಸು. ಗಾಳಿ ಇಳಿದದ್ದೇ ತಡ, ಡ್ಯಾಗರ್‌ಬೋರ್ಡ್ (ಬೋರ್ಡ್ ಪಕ್ಕಕ್ಕೆ ಜಾರದಂತೆ ಅಡಿಯಲ್ಲಿ ನೀರಿಗಿಳಿಸೋ ಹಲಗೆ) ಇಲ್ಲದ್ದರಿಂದ ಗಾಳಿಗೆದುರಾಗಿ ಮುಂದೆ ಹೋಗೋಕೇ ಆಗಲಿಲ್ಲ. ದಡದುದ್ದಕ್ಕೂ ಹೊತ್ಕೊಂಡು ನಡೆದು ಬಂದೆ.

ಕೆಲಸಕ್ಕೆ ಬಂದದ್ದು, ಹಳೇ ಸೇಲಿಂಗ್ ಕ್ಲಬ್‌ಗಳ ಶೆಡ್‌ಗಳಲ್ಲಿ ವಿಚಾರಿಸಿ ಅಂದವರ ಮಾತು. 1996ರಿಂದ 2004ರವರೆಗೆ ಮೂರು ಒಲಿಂಪಿಕ್ಸ್‌ಗೂ ಇದೇ ಬೋರ್ಡ್. 2008ಕ್ಕೆ ಇದರ ಜಾಗಕ್ಕೆ ಆರ್‌ಎಸ್‌ಎಕ್ಸ್ ಅನ್ನೋ ಬೇರೆ ಬೋರ್ಡ್ ಬಂದಮೇಲೆ ಇಂಥವು ಎಷ್ಟೋ ಮೂಲೆ ಸೇರಿವೆ. ಮೂರನೇ ಕ್ಲಬ್‌ನಲ್ಲಿ ಒಂದು ಸಿಕ್ಕೇಬಿಡ್ತು, ಅದೇ 372 ಸೆಂ.ಮೀ. ಉದ್ದ!

ನಂಗೆ ಗೊತ್ತೇ ಇರದಿದ್ದ ಒಂದು ವಿಷಯ: ಕೊಳ್ಳೋ ಮುಂಚೆ ತೂಕ ಹಾಕಿ. ಎರಡನೇ ಕ್ಲಬ್‌ನಲ್ಲಿ ನೋಡಿದ್ದು ಹೊರಗೆ ಚೆನ್ನಾಗೇ ಕಾಣ್ತಿತ್ತು, ಒಳಗಿನ ಫೋಮ್ ನೀರು ಕುಡಿದು ಮೂರು ಕೆಜಿ ಹೆಚ್ಚು ತೂಗ್ತು.

ಭಾನುವಾರ ನೀರಿಗಿಳಿಸಿದೆ. ಕಾಲಿಟ್ಟ ಕೂಡಲೇ ಅದೇ ಹಳೇ ಓಲಾಟ; ಕಣ್ಣು ತುಂಬಿ ಬಂತು. ಶೆಡ್ ಹುಡುಕಿ ಅಂದವರಿಗೆ ನಾನು ಋಣಿ.